ಬಾಯಿಬಿಟ್ಟ ಗಡ್ಡೆಗಳು: ಮಿನೆಸೋಟದ ಒಂದು ಹಿತ್ತಲಿನ ಬೆಳ್ಳುಳ್ಳಿ ಪ್ರಕರಣ

ಅಮೆರಿಕದ ಮಿನೆಸೋಟ ರಾಜ್ಯ. ಸೇಂಟ್ ಪಾಲ್ ಪಕ್ಕದಲ್ಲಿ ಒಂದು ಕನ್ನಡದ ಮನೆ. ಹಿತ್ತಲಲ್ಲಿ ನಾಲ್ಕಡಿ ಅಗಲ, ಎಂಟಡಿ ಉದ್ದದ ಒಂದು ಮಡಿ. ಅಕ್ಟೋಬರ್‌ನಲ್ಲಿ ಅದರ ತುಂಬ ಹಾರ್ಡ್‌ನೆಕ್, ಅಂದರೆ ನಡುವೆ ಗಟ್ಟಿ ದಂಟು ಬರುವ ಬಗೆಯ ಬೆಳ್ಳುಳ್ಳಿ ಊರಿದ್ದರು. ಪೌಂಡ್‌ಗೆ 20 ಡಾಲರ್ ದಾಟಿದ ಬೀಜದ ಬೆಳ್ಳುಳ್ಳಿ ಅದು. ಜೂನ್ ಹೊತ್ತಿಗೆ ಗಿಡಗಳು ಮೊಣಕಾಲು ಮೀರಿ ಬಂದವು. ರೋಗ ಇಲ್ಲ, ಹುಳ ಇಲ್ಲ, ಓಡಾಡುವವರೆಲ್ಲ ನಿಂತು ನೋಡುವ ಹಾಗಿತ್ತು. ಆಗಸ್ಟ್ ಮೊದಲ ವಾರ ಅಗೆದರೆ ಅರ್ಧಕ್ಕಿಂತ ಜಾಸ್ತಿ ಗಡ್ಡೆಗಳು ಬಾಯಿಬಿಟ್ಟುಕೊಂಡಿದ್ದವು. ಮೇಲಿನ ಸಿಪ್ಪೆ ಕರಗಿ ಹೋಗಿದೆ, ಎಸಳುಗಳು ಒಂದೊಂದು ಒಂದೊಂದು ದಿಕ್ಕಿಗೆ ವಾಲಿವೆ, ಸಂದಿಯಲ್ಲೆಲ್ಲ ಮಣ್ಣು.

ನನ್ನನ್ನು ಕರೆದದ್ದು ಆಮೇಲೆ. ನಾನೂ ಇದೇ ಊರಲ್ಲಿ ಬೆಳ್ಳುಳ್ಳಿ ಬೆಳೆಯುವವನು. ಅವರ ಪ್ರಶ್ನೆ ಒಂದೇ: ಇದು ಯಾವ ರೋಗ?

ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಗಂಡನ ತಾಯಿ ಗದಗ ಕಡೆಯವರು, ಬೇಸಿಗೆಗೆ ಬಂದು ಕೆಲವು ತಿಂಗಳು ಇದ್ದು ಹೋಗುತ್ತಾರೆ. ಊರಲ್ಲಿ ಎರೆ ಹೊಲದಲ್ಲಿ ಬೆಳ್ಳುಳ್ಳಿ ಬೆಳೆದು ಪಳಗಿದ ಕೈ. ಹಾಗಾಗಿ ಈ ಮನೆಯಲ್ಲಿ ತಿಳಿವಳಿಕೆಗೇನೂ ಕೊರತೆ ಇರಲಿಲ್ಲ. ಪ್ರಕರಣ ನನಗೆ ಸ್ವಾರಸ್ಯ ಅನ್ನಿಸಿದ್ದೇ ಅದಕ್ಕೆ. ಏನೂ ಗೊತ್ತಿಲ್ಲದವರ ಮಡಿ ಕೆಟ್ಟರೆ ಹೇಳುವುದು ಸುಲಭ. ಗೊತ್ತಿದ್ದವರ ಮಡಿ ಯಾಕೆ ಕೆಟ್ಟಿತು ಅನ್ನುವುದನ್ನು ಹುಡುಕಬೇಕಾಗುತ್ತದೆ.

ಮೊದಲ ವರ್ಷ: ಒಂಟಿ ಎಸಳು

ಇದಕ್ಕೂ ಮುಂಚೆ ಒಂದು ವರ್ಷ ಅವರು ಬೆಳ್ಳುಳ್ಳಿ ಹಾಕಿ ನೋಡಿದ್ದರು. ಸೂಪರ್‌ಮಾರ್ಕೆಟ್‌ನಿಂದ ತಂದ ಗಡ್ಡೆ ಅಡುಗೆಮನೆಯಲ್ಲಿ ಮೊಳಕೆ ಬಂದಿತ್ತು. ಬಿಸಾಡುವುದು ಯಾಕೆ ಅಂತ ಮೇ ತಿಂಗಳಲ್ಲಿ ಮಡಿಗೆ ಹಾಕಿದರು. ಆಗಸ್ಟ್‌ನಲ್ಲಿ ಕಿತ್ತಾಗ ಸಿಕ್ಕಿದ್ದು ಗೋಲಿ ಗಾತ್ರದ ಉಂಡೆಗಳು. ಬಿಡಿಸಿದರೆ ಒಳಗೆ ಎಸಳೇ ಇಲ್ಲ, ಇಡೀ ಉಂಡೆಯೇ ಒಂದು ಎಸಳು. ಅತ್ತೆಗೆ ಮಾತ್ರ ಖುಷಿ. ಒಂಟಿ ಎಸಳಿನದು ಔಷಧಕ್ಕೆ ಒಳ್ಳೇದು ಅಂತ ಒಂದು ಡಬ್ಬಿಗೆ ತುಂಬಿಕೊಂಡರು.

ಇದರ ಕಾರಣ ನೇರ. ಬೆಳ್ಳುಳ್ಳಿಯ ಎಸಳು ಮಣ್ಣಲ್ಲಿ ಚಳಿ ಕಾಣಬೇಕು. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರುವ ತಂಪಿನಲ್ಲಿ ಆರರಿಂದ ಎಂಟು ವಾರ ಕಳೆದರೆ, ಒಳಗಿನ ಮೊಗ್ಗು ಪಕ್ಕದ ಮೊಗ್ಗುಗಳನ್ನು ಹುಟ್ಟಿಸಲು ತಯಾರಾಗುತ್ತದೆ. ಆ ಪಕ್ಕದ ಮೊಗ್ಗುಗಳೇ ಮುಂದೆ ಎಸಳುಗಳು. ಆಮೇಲೆ ಹಗಲು ಉದ್ದವಾಗುತ್ತಾ ಬಂದ ಹಾಗೆ ಗಡ್ಡೆ ಕಟ್ಟುವ ಕೆಲಸ ಶುರು. ಚಳಿ ಸಾಲದೇ ಹೋದರೆ ಮೊಗ್ಗು ಒಡೆಯುವುದಿಲ್ಲ, ಇದ್ದೊಂದು ಎಸಳೇ ಉಬ್ಬಿ ಉಂಡೆಯಾಗುತ್ತದೆ. ಮೇನಲ್ಲಿ ಊರಿದ ಗಿಡಕ್ಕೆ ಇನ್ನೊಂದು ತೊಂದರೆಯೂ ಇತ್ತು. ಸೇಂಟ್ ಪಾಲ್ ಇರುವುದು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ಮೂರನೇ ವಾರ ಅಲ್ಲಿ ಹಗಲು ಹದಿನೈದೂವರೆ ಗಂಟೆ. ಗಿಡಕ್ಕೆ ನಾಲ್ಕು ಎಲೆ ಬರುವಷ್ಟರಲ್ಲೇ "ಗಡ್ಡೆ ಕಟ್ಟು" ಅನ್ನುವ ಕರೆ ಬಂದುಬಿಡುತ್ತದೆ. ಎಲೆ ಎಷ್ಟಿದೆಯೋ ಗಡ್ಡೆ ಅಷ್ಟೇ.

ಹಾಗಾದರೆ ಗದಗದಲ್ಲಿ ಹಿಮ ಬೀಳುತ್ತದಾ ಅಂತ ಸೊಸೆ ಕೇಳಿದರು. ನ್ಯಾಯವಾದ ಪ್ರಶ್ನೆ. ಅಲ್ಲಿ ಬೆಳೆಯುವುದು ಬೇರೆ ಬಗೆಯ ತಳಿಗಳು. ಕುತ್ತಿಗೆ ಮೆತ್ತಗಿರುವ, ಸ್ವಲ್ಪವೇ ಚಳಿಗೆ ತೃಪ್ತಿಪಡುವ, ಹಗಲು ಹನ್ನೊಂದು ಹನ್ನೆರಡು ಗಂಟೆ ಇದ್ದರೂ ಗಡ್ಡೆ ಕಟ್ಟುವ ತಳಿಗಳು. ಹಿಂಗಾರಿಗೆ ಹಾಕಿದರೆ ನಾಲ್ಕು, ನಾಲ್ಕೂವರೆ ತಿಂಗಳಲ್ಲಿ ಬೆಳೆ ಕೈಗೆ ಬರುತ್ತದೆ. ಮಿನೆಸೋಟದ ಹಾರ್ಡ್‌ನೆಕ್ ಅಕ್ಟೋಬರ್‌ನಲ್ಲಿ ಮಣ್ಣಿಗೆ ಹೋದರೆ ಏಳುವುದು ಜುಲೈನಲ್ಲಿ. ಒಂಬತ್ತು ತಿಂಗಳು! ಹೆಸರು ಒಂದೇ, ಲೆಕ್ಕ ಪೂರ್ತಿ ಬೇರೆ.

ಎರಡನೇ ವರ್ಷ: ಎಲ್ಲ ಸರಿಯಾಗಿಯೇ ಶುರುವಾಯಿತು

ಒಂಟಿ ಎಸಳಿನ ಅನುಭವ ಆದ ಮೇಲೆ ಅವರು ಓದಿಕೊಂಡರು. ಹಾರ್ಡ್‌ನೆಕ್‌ನಲ್ಲಿ ಪೋರ್ಸಲಿನ್ ಗುಂಪಿಗೆ ಸೇರಿದ 'ಮ್ಯೂಸಿಕ್' ತಳಿ ತರಿಸಿದರು. ಅದು ಇಟಲಿಯಿಂದ ಕೆನಡಾದ ಒಂಟಾರಿಯೋಗೆ ಬಂದದ್ದು. ತಂದ ರೈತ ಆಲ್ ಮ್ಯೂಸಿಕ್ ಅವರ ಹೆಸರೇ ತಳಿಗೆ ನಿಂತಿದೆ. ಗಡ್ಡೆಗೆ ನಾಲ್ಕರಿಂದ ಆರು ಎಸಳು, ಒಂದೊಂದೂ ಹೆಬ್ಬೆರಳಿನಷ್ಟು ದಪ್ಪ. ಬಿಳಿ ಸಿಪ್ಪೆ, ಕೆಳಗೆ ತುಸು ನೇರಳೆ ಗೆರೆ. ಚಳಿಗೆ ಜಗ್ಗುವುದಿಲ್ಲ. ಮಿನೆಸೋಟದಲ್ಲಿ ಮೊದಲ ಸಲ ಬೆಳೆಯುವವರಿಗೆ ನಾನೂ ಇದನ್ನೇ ಹೇಳುತ್ತೇನೆ. ರೋಕಾಂಬೋಲ್ ಗುಂಪಿನವು ರುಚಿಯಲ್ಲಿ ಒಂದು ಕೈ ಮೇಲೆ, ಸಿಪ್ಪೆಯೂ ಸಲೀಸಾಗಿ ಬಿಡುತ್ತದೆ. ಆದರೆ ಬಾಳಿಕೆ ಕಡಿಮೆ, ನಖರಾ ಜಾಸ್ತಿ.

ಊರಿದ್ದು ಎಳೆ ಗಿಡ ಸಾಯಿಸುವಂಥ ಮೊದಲ ಕೊರೆಯುವ ಚಳಿ ಬಿದ್ದು ಹತ್ತು ಹದಿನೈದು ದಿನದೊಳಗೆ. ಇದು ಸರಿಯಾದ ಹೊತ್ತು. ನೆಲ ಹೆಪ್ಪುಗಟ್ಟುವ ಮುಂಚೆ ಎಸಳು ಬೇರು ಬಿಡಬೇಕು, ಆದರೆ ಹಸಿರು ಮೊಳಕೆ ಮೇಲೆ ಜಾಸ್ತಿ ಬರಬಾರದು. ಅತ್ತೆ ಆಗ ಊರಲ್ಲಿದ್ದರು, ವಿಡಿಯೋ ಕಾಲ್‌ನಲ್ಲೇ ಮೇಲ್ವಿಚಾರಣೆ. ದೊಡ್ಡ ಎಸಳನ್ನೇ ಬೀಜಕ್ಕೆ ಇಡು, ಸಣ್ಣದನ್ನು ಒಗ್ಗರಣೆಗೆ ಇಟ್ಟುಕೋ ಅಂದರು. ಬುಡ ಕೆಳಗೆ, ಮೂತಿ ಮೇಲೆ. ಮಡಿ ಎತ್ತರಿಸು, ನೀರು ನಿಲ್ಲಬಾರದು. ಇಷ್ಟೂ ಹಾರ್ಡ್‌ನೆಕ್‌ಗೂ ಒಪ್ಪುವ ಮಾತೇ. ಒಂದನ್ನು ಮಾತ್ರ ಸೊಸೆ ಬದಲಾಯಿಸಿದರು. ಎರಡು ಬೆರಳು ಆಳ ಸಾಕು ಅಂತ ಅತ್ತೆ ಹೇಳಿದರೆ, ಇವರು ಮೂರು ಇಂಚು ಇಳಿಸಿದರು. ಮಿನೆಸೋಟದ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟುತ್ತದೆ. ಮೇಲೆಯೇ ಊರಿದ ಎಸಳನ್ನು ಮಣ್ಣು ಹೊರಕ್ಕೆ ದೂಡಿಬಿಡುತ್ತದೆ. ಗಿಡದಿಂದ ಗಿಡಕ್ಕೆ ಆರು ಇಂಚು. ಮೇಲೆ ನಾಲ್ಕು ಇಂಚಿನಷ್ಟು ಒಣಹುಲ್ಲಿನ ಹೊದಿಕೆ.

ಏಪ್ರಿಲ್‌ನಲ್ಲಿ ಹಿಮ ಕರಗಿದಾಗ ಹುಲ್ಲು ಸೀಳಿಕೊಂಡು ಮೊಳಕೆಗಳು ಬಂದವು. ಆರಿಂಚು ಬೆಳೆದಾಗ ಒಮ್ಮೆ ಸಾರಜನಕದ ಗೊಬ್ಬರ ಕೊಟ್ಟು, ಮೇ ಕೊನೆಗೆ ನಿಲ್ಲಿಸಿದರು. ಅದೂ ಸರಿ. ತಡವಾಗಿ ಕೊಟ್ಟ ಗೊಬ್ಬರ ಎಲೆಗೆ ಹೋಗುತ್ತದೆಯೇ ಹೊರತು ಗಡ್ಡೆಗಲ್ಲ.

ಜೂನ್‌ನಲ್ಲಿ ಅತ್ತೆ ಬಂದರು. ಅದೇ ಸಮಯಕ್ಕೆ ಗಿಡಗಳ ನಡುವಿನಿಂದ ಹೂದಂಟು ಎದ್ದಿತು. ಹಾರ್ಡ್‌ನೆಕ್‌ನ ಗುರುತೇ ಇದು. ಪೆನ್ಸಿಲ್ ದಪ್ಪದ ಗಟ್ಟಿ ದಂಟು ಮೇಲೆ ಬಂದು, ಒಂದು ಸುತ್ತು ಸುರುಳಿ ಸುತ್ತಿಕೊಂಡು, ತುದಿಯಲ್ಲಿ ಕೊಕ್ಕಿನಂಥ ಮೊಗ್ಗು ಹಿಡಿದು ನಿಲ್ಲುತ್ತದೆ. ಗದಗದ ಹೊಲದಲ್ಲಿ ಅತ್ತೆ ಇಂಥದ್ದನ್ನು ನೋಡಿರಲಿಲ್ಲ. ಸೊಸೆ ಓದಿದ್ದು ಕತ್ತರಿಸಬೇಕು ಅಂತ. ಅತ್ತೆಗೆ ಬೀಜ ಸಿಗುತ್ತದೇನೋ ನೋಡುವ ಆಸೆ. ಕೊನೆಗೆ ರಾಜಿಯಾಯಿತು: ಬೇಲಿ ಕಡೆಯ ಅರ್ಧ ಕತ್ತರಿಸುವುದು, ಮನೆ ಕಡೆಯ ಅರ್ಧ ಬಿಡುವುದು.

ಕತ್ತರಿಸಿದ ದಂಟಿಗೆ ಶೇಂಗಾ ಪುಡಿ ಹಾಕಿ ಪಲ್ಯ ಮಾಡಿದರಂತೆ. ಹುರುಳಿಕಾಯಿ ಹಾಗೆ ಕಚ್ಚಲು ಸಿಗುತ್ತದೆ, ಬೆಳ್ಳುಳ್ಳಿಯ ಘಾಟು ಮೆತ್ತಗೆ ಇರುತ್ತದೆ. ರೊಟ್ಟಿ ಜೊತೆ ನಾನೂ ತಿಂದಿದ್ದೇನೆ. ಬೆಳ್ಳುಳ್ಳಿ ಬೆಳೆಯುವ ಕಷ್ಟಕ್ಕೆ ಇದೊಂದೇ ಸಾಕು ಅನ್ನಿಸುವಷ್ಟು ಚೆನ್ನಾಗಿರುತ್ತದೆ.

ಈ ರಾಜಿಯಿಂದ ನನಗೆ ಉಪಕಾರವಾಯಿತು. ಒಂದೇ ಮಡಿ, ಒಂದೇ ತಳಿ, ಒಂದೇ ನೀರು. ಬೇಲಿ ಕಡೆಯ ಗಡ್ಡೆಗಳು ಕೈಗೆ ಭಾರ, ಮನೆ ಕಡೆಯವು ಹಗುರ. ತಕ್ಕಡಿ ಬೇಕಿರಲಿಲ್ಲ, ಎರಡು ಕೈಯಲ್ಲಿ ಒಂದೊಂದು ಹಿಡಿದರೆ ಗೊತ್ತಾಗುತ್ತಿತ್ತು. ದಂಟು ಬಿಟ್ಟರೆ ಗಿಡ ತನ್ನ ಸಕ್ಕರೆಯನ್ನು ತುದಿಯ ಪುಟ್ಟ ಗಡ್ಡೆಮರಿಗಳಿಗೆ ಕಳಿಸುತ್ತದೆ. ಮಣ್ಣು ಬಡವಾಗಿದ್ದ ಕಡೆ ಇದರಿಂದ ಇಳುವರಿ ಶೇ. 20ರಿಂದ 30ರವರೆಗೂ ಇಳಿಯಬಹುದು. ಮಣ್ಣು ಫಲವತ್ತಾಗಿದ್ದರೆ ಅಷ್ಟು ಪೆಟ್ಟಿಲ್ಲ.

ಆದರೆ ಗಡ್ಡೆ ಬಾಯಿಬಿಟ್ಟದ್ದು ಎರಡೂ ಕಡೆ. ಹಾಗಾಗಿ ಹೂದಂಟು ಅಪರಾಧಿ ಅಲ್ಲ.

ರೋಗ ಅಲ್ಲ ಅಂತ ಹೇಗೆ ಗೊತ್ತಾಯಿತು

ಮಿನೆಸೋಟದವರು ಬೆಳ್ಳುಳ್ಳಿ ಅಂದರೆ ಮೊದಲು 2012ನ್ನು ನೆನೆಸಿಕೊಳ್ಳುತ್ತಾರೆ. ಆ ವರ್ಷ ವಸಂತ ಬೇಗ ಬಂತು, ಜಿಗಿಹುಳಗಳು ದಕ್ಷಿಣದಿಂದ ಬೇಗ ಹಾರಿ ಬಂದವು, ಅವುಗಳ ಜೊತೆ ಆಸ್ಟರ್ ಯೆಲ್ಲೋಸ್ ಅನ್ನುವ ರೋಗ. ತುಂಬ ಜನ ಬೆಳ್ಳುಳ್ಳಿ ಕಳೆದುಕೊಂಡರು. ಆದರೆ ಆ ರೋಗದಲ್ಲಿ ಗಿಡ ಜೂನ್‌ನಲ್ಲೇ ಹಳದಿ, ನೇರಳೆ ಬಣ್ಣಕ್ಕೆ ತಿರುಗಿ ಕುಗ್ಗುತ್ತದೆ. ಇವರ ಫೋನಿನಲ್ಲಿ ಜೂನ್, ಜುಲೈ ಫೋಟೋಗಳಿದ್ದವು. ಎಲೆ ಕಡುಹಸಿರು.

ಇನ್ನೊಂದು ಅನುಮಾನ ಕಾಂಡದ ಜಂತುಹುಳ. ಕಣ್ಣಿಗೆ ಕಾಣದ ಈ ಹುಳ ಬೀಜದ ಗಡ್ಡೆಯ ಜೊತೆಯೇ ಬರುತ್ತದೆ. 2010ರ ಸುಮಾರಿಗೆ ನ್ಯೂಯಾರ್ಕ್, ಒಂಟಾರಿಯೋ ಕಡೆ ಬೆಳೆಗಾರರನ್ನು ಕಾಡಿತ್ತು. ಅದು ಬಂದರೆ ಗಡ್ಡೆಯ ಬುಡದ ತಟ್ಟೆ ಮೆತ್ತಗಾಗಿ, ಬೇರಿನ ಸಮೇತ ಕಳಚಿಕೊಳ್ಳುತ್ತದೆ. ನಾನು ಬಾಯಿಬಿಟ್ಟ ಗಡ್ಡೆಗಳಲ್ಲಿ ಕೆಲವನ್ನು ತಿರುಗಿಸಿ ಉಗುರಿನಿಂದ ಒತ್ತಿ ನೋಡಿದೆ. ತಟ್ಟೆ ಗಟ್ಟಿ, ಬೇರು ಬಿಗಿ. ಬಿಳಿ ಬೂಷ್ಟಿಲ್ಲ, ಕಪ್ಪು ಕಾಳಿಲ್ಲ. ಹಾಗಾಗಿ ಬಿಳಿ ಕೊಳೆ ರೋಗವೂ ಅಲ್ಲ. ಎಸಳು ಕತ್ತರಿಸಿದರೆ ಒಳಗೆ ಹಾಲಿನ ಬಣ್ಣ, ಗಟ್ಟಿ, ಘಾಟು ಮೂಗಿಗೆ ಹೊಡೆಯುತ್ತಿತ್ತು.

ಅಂದರೆ ಗಡ್ಡೆ ಆರೋಗ್ಯವಾಗಿದೆ. ಹೊದಿಕೆ ಮಾತ್ರ ಇಲ್ಲ.

ಅಷ್ಟು ಹೊತ್ತು ಸುಮ್ನೆ ನೋಡುತ್ತಾ ನಿಂತಿದ್ದ ಅತ್ತೆ ಆಗ ಹೇಳಿದರು: "ತಮ್ಮಾ, ನಮ್ಮೂರಾಗ ಎಲಿ ಪೂರಾ ಒಣಗಿ ಕುತ್ತಿಗಿ ಬೀಳೂತನಕ ಬಳ್ಳೊಳ್ಳಿ ಕೀಳಂಗಿಲ್ಲ. ಇದು ಬೀಳಲೇ ಇಲ್ಲ ನೋಡು. ಅದಕ್ಕ ಕಾದ್ವಿ."

ಉತ್ತರ ಅಲ್ಲೇ ಇತ್ತು.

ಬೀಳದ ಕುತ್ತಿಗೆ

ಅತ್ತೆ ಹೇಳಿದ್ದು ಗದಗದ ಬೆಳೆಗೆ ನೂರಕ್ಕೆ ನೂರು ಸರಿ. ಮೆತ್ತನೆ ಕುತ್ತಿಗೆಯ ಬೆಳ್ಳುಳ್ಳಿಯಲ್ಲಿ ನಡುವೆ ದಂಟಿಲ್ಲ, ಬರೀ ಎಲೆಗಳು ಒಂದರೊಳಗೊಂದು ಸುತ್ತಿಕೊಂಡಿರುತ್ತವೆ. ಗಡ್ಡೆ ಬಲಿತಾಗ ಕುತ್ತಿಗೆ ಸಡಿಲವಾಗಿ ಗಿಡ ವಾಲುತ್ತದೆ. ಈರುಳ್ಳಿಯದೂ ಇದೇ ರೀತಿ. ರೈತನಿಗೆ ದೂರದಿಂದಲೇ ಕಾಣುವ ಗುರುತು ಅದು.

ಹಾರ್ಡ್‌ನೆಕ್‌ಗೆ ಆ ಗುರುತೇ ಇಲ್ಲ. ನಡುವೆ ಕಡ್ಡಿಯಂಥ ದಂಟಿದೆ, ಗಿಡ ಬೀಳುವುದೇ ಇಲ್ಲ. ಜುಲೈ ದಾಟಿ, ಎಲೆ ಪೂರ್ತಿ ಒಣಗಿ, ಒಳಗಿನ ಗಡ್ಡೆ ಒಡೆದರೂ ದಂಟು ನೆಟ್ಟಗೆ ನಿಂತೇ ಇರುತ್ತದೆ. ಬೀಳಲಿ ಅಂತ ಕಾದವರು ಕಾಯುತ್ತಲೇ ಇರಬೇಕು.

ಇಲ್ಲಿ ಎಲೆಗೂ ಸಿಪ್ಪೆಗೂ ಇರುವ ಸಂಬಂಧ ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಮೇಲೆ ಕಾಣುವ ಒಂದೊಂದು ಎಲೆಯ ಬುಡವೂ ಮಣ್ಣೊಳಗೆ ಗಡ್ಡೆಯನ್ನು ಸುತ್ತಿ ಒಂದೊಂದು ಪದರವಾಗಿರುತ್ತದೆ. ಎಂಟು ಎಲೆ ಇದ್ದರೆ ಎಂಟು ಸುತ್ತು ಸಿಪ್ಪೆ. ಎಲೆ ಕೆಳಗಿನಿಂದ ಒಣಗುತ್ತಾ ಬರುತ್ತದೆ. ಒಂದು ಎಲೆ ಒಣಗಿತು ಅಂದರೆ ಹೊರಗಿನ ಒಂದು ಪದರವೂ ಹಸಿಮಣ್ಣಿನಲ್ಲಿ ಕೊಳೆಯಲು ಶುರು. ಎರಡು ಮೂರು ಎಲೆ ಒಣಗಿ, ಐದಾರು ಹಸಿರಿರುವಾಗ ಕಿತ್ತರೆ ಐದಾರು ಸುತ್ತು ಸಿಪ್ಪೆ ಗಟ್ಟಿಯಾಗಿ ಸಿಗುತ್ತದೆ. ಎಲ್ಲ ಎಲೆ ಒಣಗುವ ತನಕ ಬಿಟ್ಟರೆ ಒಂದೂ ಉಳಿಯುವುದಿಲ್ಲ. ಒಳಗೆ ದಪ್ಪ ಎಸಳುಗಳು ದಂಟಿನ ಸುತ್ತ ಒಂದೇ ಸುತ್ತಿನಲ್ಲಿ ಕೂತಿರುತ್ತವೆ. ಹಿಡಿದಿಡುವ ಸಿಪ್ಪೆ ಹೋದ ಕೂಡಲೇ ಅವು ಉಬ್ಬಿ ಒಂದನ್ನೊಂದು ದೂಡಿ ಬಿಚ್ಚಿಕೊಳ್ಳುತ್ತವೆ.

ಜುಲೈ ಕೊನೆಯಲ್ಲಿ ಎರಡು ದೊಡ್ಡ ಮಳೆಯೂ ಬಂದಿತ್ತಂತೆ. ಕೀಳುವ ಮುಂಚಿನ ಎರಡು ವಾರ ಮಡಿ ಒಣಗಿರಬೇಕು. ಅತ್ತೆಗೆ ಇದು ಗೊತ್ತಿದ್ದರಿಂದ ಪೈಪಿನ ನೀರು ನಿಲ್ಲಿಸಿದ್ದರು. ಆದರೆ ಹುಲ್ಲಿನ ದಪ್ಪ ಹೊದಿಕೆ ಮಳೆಯ ತೇವವನ್ನು ಒಳಗೇ ಹಿಡಿದುಕೊಂಡಿತು. ಇದು ಎರಡನೇ ಕಾರಣ, ಚಿಕ್ಕದು. ಮಳೆ ಬರದಿದ್ದರೂ ಆಗಸ್ಟ್ ಅಂದರೆ ತಡವೇ.

ಈ ಗಿಡ ಯಾವ ನಾಡಿನದು ಅಂತ ನೋಡಿದರೆ ಅದರ ಹಟ ಅರ್ಥವಾಗುತ್ತದೆ. ಬೆಳ್ಳುಳ್ಳಿಯ ತವರು ಮಧ್ಯ ಏಷ್ಯಾ, ಕಜಕಿಸ್ತಾನ, ಉಜ್ಬೇಕಿಸ್ತಾನದ ಸುತ್ತಿನ ಬೆಟ್ಟಗುಡ್ಡ. ಕೊರೆಯುವ ಚಳಿಗಾಲ, ಸಣ್ಣ ವಸಂತ, ಒಣ ಬೇಸಿಗೆ. 1989ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಆಗಿನ ಸೋವಿಯತ್ ನಾಡಿಗೆ ಹೋಗಿ ಅಲ್ಲಿನ ಬೆಳ್ಳುಳ್ಳಿಗಳನ್ನು ತಂದರು. ಇಂದು ಇಲ್ಲಿನ ಹಿತ್ತಲುಗಳಲ್ಲಿ ಇರುವ ಹಾರ್ಡ್‌ನೆಕ್ ತಳಿಗಳಲ್ಲಿ ಎಷ್ಟೋ ಆ ಕಡೆಯವು. ಒಣ ಬೇಸಿಗೆಯ ಗಿಡ ಮಳೆಗೆ ಸಿಕ್ಕಿದರೆ ಸಿಪ್ಪೆ ನಿಲ್ಲುತ್ತದಾ?

ಒಡೆದ ಗಡ್ಡೆಗಳನ್ನು ಏನು ಮಾಡಿದರು

ಒಡೆದದ್ದು ತಿನ್ನಲು ಅಡ್ಡಿಯಿಲ್ಲ, ಇಡಲು ಮಾತ್ರ ಬರುವುದಿಲ್ಲ. ಮೂರು ಭಾಗ ಮಾಡಿದೆವು. ಸಣ್ಣವು ಚಟ್ನಿಪುಡಿಗೆ ಹೋದವು. ಕೆಂಪು ಮೆಣಸಿನಕಾಯಿ, ಒಣಕೊಬ್ಬರಿ ಹಾಕಿ ಅತ್ತೆ ಕುಟ್ಟಿದರು. ಒಂದಿಷ್ಟನ್ನು ತೆಳ್ಳಗೆ ಸೀಳಿ ಡಿಹೈಡ್ರೇಟರ್‌ನಲ್ಲಿ ಒಣಗಿಸಿದರು. ಬುಡ ಗಟ್ಟಿಯಾಗಿದ್ದ ದಪ್ಪ ಎಸಳುಗಳನ್ನು ಅಕ್ಟೋಬರ್‌ಗೆ ಬೀಜಕ್ಕೆ ಎತ್ತಿಟ್ಟರು. ರೋಗ ಇಲ್ಲದಿದ್ದರೆ ಒಡೆದ ಗಡ್ಡೆಯ ಎಸಳು ಬೀಜಕ್ಕೆ ಏನೂ ಕಡಿಮೆಯಲ್ಲ. ಹೊಸ ಬೀಜಕ್ಕೆ ಮತ್ತೆ ದುಡ್ಡು ಹಾಕುವುದು ಬೇಡ ಅಂತ ನಾನು ಒತ್ತಿ ಹೇಳಿದೆ.

ಸಿಪ್ಪೆ ಸುಲಿದ ಎಸಳನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡುವ ಯೋಚನೆ ಗಂಡನಿಗಿತ್ತು. ಅದು ಬೇಡವೇ ಬೇಡ. ಗಾಳಿ ಆಡದ ಎಣ್ಣೆಯೊಳಗೆ ಹಸಿ ಬೆಳ್ಳುಳ್ಳಿ ಇದ್ದರೆ ಬಾಟ್ಯುಲಿಸಂ ವಿಷ ಹುಟ್ಟಬಹುದು, ರುಚಿ ವಾಸನೆಯಲ್ಲಿ ಏನೂ ಗೊತ್ತಾಗುವುದಿಲ್ಲ. ನಮ್ಮ ಉಪ್ಪಿನಕಾಯಿಯಲ್ಲಿ ಉಪ್ಪು, ಹುಳಿ ಕಾಯುತ್ತವೆ. ಬರೀ ಎಣ್ಣೆ ಕಾಯುವುದಿಲ್ಲ.

ಹೂದಂಟು ಬಿಟ್ಟ ಕಡೆ ಅತ್ತೆಗೆ ಬೀಜ ಸಿಗಲಿಲ್ಲ. ಸಿಕ್ಕಿದ್ದು ಅಕ್ಕಿಕಾಳಿಗಿಂತ ತುಸು ದಪ್ಪದ ಗಡ್ಡೆಮರಿಗಳು, ಒಂದೊಂದು ತಲೆಯಲ್ಲಿ ನೂರಕ್ಕೂ ಹೆಚ್ಚು. ಇವನ್ನು ಹಾಕಿದರೂ ಬೆಳ್ಳುಳ್ಳಿ ಬರುತ್ತದೆ. ಆದರೆ ಪೋರ್ಸಲಿನ್ ಗುಂಪಿನಲ್ಲಿ ಪೂರ್ತಿ ಗಡ್ಡೆಗೆ ಮೂರು ನಾಲ್ಕು ವರ್ಷ ಕಾಯಬೇಕು. ಮಣ್ಣಿನ ರೋಗ ದಾಟಿಸದೆ ಬೀಜ ಹೆಚ್ಚಿಸಿಕೊಳ್ಳಲು ಒಳ್ಳೆ ದಾರಿ, ತಾಳ್ಮೆ ಇದ್ದವರಿಗೆ. ಅತ್ತೆ ಒಂದು ಕುಂಡದಲ್ಲಿ ಹಾಕಿದ್ದಾರೆ.

ಮೂರನೇ ವರ್ಷ

ಮತ್ತೆ ಅಕ್ಟೋಬರ್, ಮತ್ತೆ ಅದೇ ಆಳ, ಅದೇ ಅಂತರ. ಮಡಿ ಮಾತ್ರ ಪಕ್ಕಕ್ಕೆ ಸರಿಯಿತು. ಹೂದಂಟು ಒಂದು ಸುತ್ತು ಸುತ್ತಿದ ಕೂಡಲೇ ಎಲ್ಲವನ್ನೂ ಕತ್ತರಿಸಿದರು. ಜೂನ್ ಕೊನೆಗೆ ಹುಲ್ಲಿನ ಹೊದಿಕೆಯನ್ನು ಅರ್ಧ ಸರಿಸಿ ತೆಳುವಾಗಿಸಿದರು.

ಜುಲೈ ಎರಡನೇ ವಾರ ಕೆಳಗಿನ ಮೂರು ಎಲೆ ಒಣಗಿದ್ದವು. ಅತ್ತೆಗೆ ಇನ್ನೂ ಸಮಾಧಾನವಿಲ್ಲ. "ಇನ್ನಾ ಹಸರ ಐತಿ, ಬೆಳೀತದ, ಈಗ ಯಾಕ ಕೀಳ್ತೀರಿ?" ವಾದ ಮಾಡುವ ಬದಲು ಒಂದು ಗಿಡ ಅಗೆದು ನೋಡೋಣ ಅಂದೆ. ಇದು ನನ್ನ ಪ್ರಕಾರ ಎಲ್ಲ ಲೆಕ್ಕಕ್ಕಿಂತ ಹೆಚ್ಚು ನಂಬಬಹುದಾದ ಪರೀಕ್ಷೆ. ಗಡ್ಡೆಯನ್ನು ಅಡ್ಡಕ್ಕೆ ಕತ್ತರಿಸಿದೆವು. ನಡುವೆ ದಂಟು, ಸುತ್ತ ಐದು ಎಸಳು. ದಂಟಿಗೂ ಎಸಳಿಗೂ ಮಧ್ಯೆ ಕೂದಲೆಳೆಯಷ್ಟು ಸಂದಿ ಬಿಟ್ಟಿತ್ತು. ಎಸಳುಗಳು ಸಿಪ್ಪೆಗೆ ಒತ್ತಿಕೊಂಡು ತುಂಬಿ ನಿಂತಿದ್ದವು. ಆ ಸಣ್ಣ ಸಂದಿ ಕಂಡಿತು ಅಂದರೆ ಬೆಳೆ ಬಂತು. ಅತ್ತೆ ಒಂದು ಎಸಳು ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಬಂದ ಮೇಲೆ ಒಪ್ಪಿದರು.

ಕೈಯಿಂದ ಎಳೆಯದೆ, ಪಕ್ಕದಲ್ಲಿ ಫೋರ್ಕ್ ಹಾಕಿ ಮಣ್ಣು ಸಡಿಲಿಸಿ ಎತ್ತಿದರು. ಒಣಗಿಸುವ ವಿಷಯದಲ್ಲಿ ಅತ್ತೆಯ ಊರಿನ ಪದ್ಧತಿ ಮತ್ತೆ ಉಪಯೋಗಕ್ಕೆ ಬಂತು. ಹೊಲದಲ್ಲಿ ಕಿತ್ತ ಬೆಳ್ಳುಳ್ಳಿಯನ್ನು ಸಾಲಾಗಿ ಮಲಗಿಸಿ, ಒಂದರ ಗಡ್ಡೆಯ ಮೇಲೆ ಇನ್ನೊಂದರ ಎಲೆ ಬರುವ ಹಾಗೆ ಹೊದಿಸುತ್ತಾರೆ, ಬಿಸಿಲಿಗೆ ಗಡ್ಡೆ ಬೇಯಬಾರದು ಅಂತ. ಇಲ್ಲಿ ಗ್ಯಾರೇಜಿನ ನೆರಳು ಸಿಕ್ಕಿತು. ಹತ್ತತ್ತು ಗಿಡ ಕಟ್ಟಿ ನೇತುಹಾಕಿ, ಫ್ಯಾನ್ ಹಚ್ಚಿ, ಮೂರು ವಾರ ಬಿಟ್ಟರು. ತೊಳೆಯಲಿಲ್ಲ. ಕುತ್ತಿಗೆ ಕತ್ತರಿಸಿದಾಗ ತೇವ ಕಾಣದ ಮೇಲೆ ಬೇರು, ದಂಟು ಕತ್ತರಿಸಿದರು. ಒಡೆದ ಗಡ್ಡೆ ಬೆರಳೆಣಿಕೆಯಷ್ಟು.

ಇಡುವುದರಲ್ಲಿ ಒಂದು ಎಡವಟ್ಟು ನಡೆಯಿತು. ಒಂದು ಬುಟ್ಟಿ ನೆಲಮಾಳಿಗೆಯಲ್ಲಿ, ಒಂದು ಚೀಲ ಫ್ರಿಜ್ಜಿನಲ್ಲಿ. ಫ್ರಿಜ್ಜಿನದು ಕೆಲವೇ ವಾರದಲ್ಲಿ ಹಸಿರು ಮೊಳಕೆ ಹೊಡೆಯಿತು. ಫ್ರಿಜ್ಜಿನ ನಾಲ್ಕೈದು ಡಿಗ್ರಿ ಅಂದರೆ ಬೆಳ್ಳುಳ್ಳಿಗೆ ಚಳಿಗಾಲ ಬಂದ ಹಾಗೆಯೇ, ಅದು ಬೆಳೆಯಲು ಏಳುತ್ತದೆ. ಇಡುವುದಾದರೆ ಸೊನ್ನೆ ಡಿಗ್ರಿಯ ಹತ್ತಿರ ಇಡಬೇಕು, ಮನೆಗಳಲ್ಲಿ ಅದು ಆಗದ ಮಾತು. ಇಲ್ಲದಿದ್ದರೆ 15 ಡಿಗ್ರಿಯ ಆಸುಪಾಸಿನ ಒಣ, ಗಾಳಿಯಾಡುವ ಜಾಗ. ನೆಲಮಾಳಿಗೆಯ ಬುಟ್ಟಿ ಫೆಬ್ರವರಿ ತನಕ ಬಂತು. ಹಾರ್ಡ್‌ನೆಕ್‌ನಿಂದ ಇದಕ್ಕಿಂತ ಜಾಸ್ತಿ ಬಯಸುವುದೂ ತಪ್ಪು. ಮಾರ್ಚ್‌ನಿಂದ ಜುಲೈವರೆಗೆ ಈ ಮನೆಯವರು ಮತ್ತೆ ಅಂಗಡಿಯ ಮೆತ್ತನೆ ಕುತ್ತಿಗೆಯದನ್ನೇ ತರುತ್ತಾರೆ.

ಈಗ ಉಳಿದಿರುವ ತಲೆನೋವು ಜಾಗದ್ದು. ಬೆಳ್ಳುಳ್ಳಿ, ಈರುಳ್ಳಿ ಹಾಕಿದ ಮಡಿಗೆ ಮೂರು ನಾಲ್ಕು ವರ್ಷ ಮತ್ತೆ ಅದನ್ನು ಹಾಕಬಾರದು. ಇವರ ಹಿತ್ತಲಲ್ಲಿ ಪೂರ್ತಿ ಬಿಸಿಲು ಬೀಳುವುದು ಎರಡೇ ಮಡಿಗೆ, ಎರಡರಲ್ಲೂ ಈಗಾಗಲೇ ಬೆಳ್ಳುಳ್ಳಿ ಆಗಿದೆ. ಮುಂದಿನ ಅಕ್ಟೋಬರ್‌ಗೆ ಮನೆಯ ಮುಂದಿನ ಹುಲ್ಲುಹಾಸು ಅಗೆಯೋಣ ಅಂತ ಅತ್ತೆ, ಬೇಡ ಅಂತ ಮಗ.